ಟೈಮ್ ಕೇಳಿ, ಆದರೆ ಕಾರಣ ಬರೆದು ಕೇಳಿ

ಕೋರ್ಟಿನಿಂದ ಊರಿಗೆ ವಾಪಸ್ ಬಂದವರನ್ನು ‘ಏನಾಯ್ತು?’ ಎಂದು ಕೇಳಿ ನೋಡಿ. ಹತ್ತರಲ್ಲಿ ಎಂಟು ಸಲ ಸಿಗುವ ಉತ್ತರ ಒಂದೇ: ‘ವಾಯಿದೆ ಬಿತ್ತು.’ ಯಾಕೆ ಬಿತ್ತು, ಯಾರು ಕೇಳಿದರು, ಎಷ್ಟು ದಿನಕ್ಕೆ ಕೇಳಿದರು ಎಂದರೆ ಗೊತ್ತಿರುವುದಿಲ್ಲ. ‘ಲಾಯರ್ ಸಾಹೇಬ್ರು ಏನೋ ಟೈಮ್ ಕೇಳಿದ್ರಪ್ಪ’ ಅನ್ನುವಲ್ಲಿಗೆ ಮಾತು ಮುಗಿಯುತ್ತದೆ.

ಆ ‘ಟೈಮ್ ಕೇಳುವುದು’ ಎಂಬ ಒಂದೇ ವಿಷಯದ ಬಗ್ಗೆ ಈ ಬರಹ. ಅದರಲ್ಲೂ ಒಂದು ಸಣ್ಣ ಭಾಗ. ಕೇಸಿನಲ್ಲಿ ಎದುರಿನವರು ‘ಈ ಪ್ರಶ್ನೆಗಳಿಗೆ ಉತ್ತರ ಕೊಡಿ, ಈ ಕಾಗದಗಳನ್ನು ತೋರಿಸಿ’ ಎಂದು ಕೋರ್ಟಿನ ಮೂಲಕ ಕೇಳುತ್ತಾರೆ. ಗಡುವು ಹತ್ತಿರ ಬರುತ್ತದೆ, ಕಾಗದ ಕೈಗೆ ಬಂದಿರುವುದಿಲ್ಲ. ಆಗ ಏನು ಮಾಡಬೇಕು?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಟೈಮ್ ಕೇಳುವುದು ನಾಚಿಕೆಯ ಕೆಲಸವಲ್ಲ, ಕಾನೂನು ಅದಕ್ಕೆ ಜಾಗ ಇಟ್ಟಿದೆ. ಆದರೆ ಗಡುವು ಮುಗಿಯುವ ಮೊದಲು, ಬರವಣಿಗೆಯಲ್ಲಿ, ಕಾರಣಕ್ಕೆ ಪುರಾವೆ ಇಟ್ಟು, ಇಷ್ಟೇ ದಿನ ಎಂದು ಲೆಕ್ಕ ಹೇಳಿ ಕೇಳಬೇಕು. ಹಾಗೆ ಕೇಳಿದವರನ್ನೂ ಸುಮ್ಮನೆ ಎಳೆಯುವವರನ್ನೂ ಕೋರ್ಟು ಒಂದೇ ತಕ್ಕಡಿಯಲ್ಲಿ ತೂಗಬಾರದು. ಕಾಗದ ಕೊಡದೆ ಸತಾಯಿಸುವ ಸರ್ಕಾರಿ ಕಚೇರಿಯ ತಪ್ಪಿಗೆ ರೈತ ದಂಡ ತೆರಬಾರದು.

ಲಷ್ಕರ್ ಮೊಹಲ್ಲಾದ ಒಂದು ಮನೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ನಾವು ಕಟ್ಟಿದ ಕಲ್ಪನೆಯ ಮನೆ, ಯಾರದ್ದೂ ಅಲ್ಲ. ಆದರೆ ಓದುತ್ತಾ ಹೋದಂತೆ ನಿಮ್ಮೂರಿನ ಯಾವುದಾದರೂ ಮನೆ ನೆನಪಾದರೆ ಆಶ್ಚರ್ಯವಿಲ್ಲ.

ಮೈಸೂರಿನ ಲಷ್ಕರ್ ಮೊಹಲ್ಲಾ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಅಶೋಕ ರಸ್ತೆ, ಸಂತ ಫಿಲೋಮಿನಾ ಚರ್ಚಿನ ಆಸುಪಾಸಿನ ಹಳೆಯ ಬಡಾವಣೆ. ಲಷ್ಕರ್ ಎಂದರೆ ದಂಡು, ಸೈನ್ಯ. ಅಲ್ಲಿ ಒಂದು ಹಳೆಯ ಹೆಂಚಿನ ಮನೆ ಇದೆ ಎಂದುಕೊಳ್ಳಿ. ಮುಂದೆ ಒಂದು ಅಂಗಡಿ ಮಳಿಗೆ, ಹಿಂದೆ ವಾಸದ ಮನೆ. ತಂದೆ ತೀರಿಕೊಂಡಿದ್ದಾರೆ. ದೊಡ್ಡ ಮಗ ಆ ಮನೆಯಲ್ಲೇ ಇದ್ದಾನೆ, ಅಂಗಡಿಯ ಬಾಡಿಗೆ ಅವನ ಕೈಗೇ ಬರುತ್ತದೆ. ಚಿಕ್ಕ ಮಗ ತಿ. ನರಸೀಪುರ ತಾಲ್ಲೂಕಿನ ಹಳ್ಳಿಯಲ್ಲಿ ಪಿತ್ರಾರ್ಜಿತ ಜಮೀನು ನೋಡಿಕೊಳ್ಳುತ್ತಾನೆ. ಮಗಳನ್ನು ನಂಜನಗೂಡು ಕಡೆಗೆ ಕೊಟ್ಟಿದ್ದಾರೆ. ವರ್ಷಾನುಗಟ್ಟಲೆ ‘ಇವತ್ತು ಕೊಡ್ತೀವಿ ನಾಳೆ ಕೊಡ್ತೀವಿ’ ಕೇಳಿಸಿಕೊಂಡು ಸಾಕಾಗಿ, ಆಕೆ ಇಬ್ಬರು ಅಣ್ಣಂದಿರ ಮೇಲೂ ಭಾಗದ ದಾವೆ ಹಾಕುತ್ತಾಳೆ.

ದಾವೆ ಒಂದು ಹಂತಕ್ಕೆ ಬಂದಾಗ ಆಕೆಯ ವಕೀಲರು ಕೋರ್ಟಿನ ಅನುಮತಿ ಪಡೆದು ಇಬ್ಬರು ಅಣ್ಣಂದಿರಿಗೂ ಪ್ರಶ್ನಾವಳಿ ಕೊಡುತ್ತಾರೆ. ದೊಡ್ಡವನಿಗೆ: ಅಂಗಡಿಗೆ ತಿಂಗಳ ಬಾಡಿಗೆ ಎಷ್ಟು? ಕರಾರು ಪತ್ರ ಎಲ್ಲಿ? ಬಾಡಿಗೆ ಪುಸ್ತಕ ಹಾಜರುಪಡಿಸಿ. ಚಿಕ್ಕವನಿಗೆ: ಜಮೀನು ಯಾರ ಹೆಸರಿನಿಂದ ಯಾರ ಹೆಸರಿಗೆ ಬಂತು? ಮ್ಯುಟೇಷನ್ ಯಾವ ವರ್ಷ ಆಯಿತು? ಅದರ ಮೇಲೆ ಸಾಲ ಇದೆಯೇ? ಹಳೆಯ ಪಹಣಿ, ಕ್ರಯಪತ್ರ ತೋರಿಸಿ.

ಮುಂದಿನ ತಾರೀಕಿಗೆ ಇಬ್ಬರು ಅಣ್ಣಂದಿರ ವಕೀಲರೂ ಒಂದೇ ಮಾತು ಹೇಳುತ್ತಾರೆ: ‘ಸ್ವಾಮಿ, ಟೈಮ್ ಬೇಕು.’

ಮಾತು ಒಂದೇ ಆದರೂ ಅದರ ಹಿಂದಿರುವ ಸತ್ಯ ಬೇರೆ ಬೇರೆ. ದೊಡ್ಡವನ ಬಾಡಿಗೆ ಪುಸ್ತಕ ಅವನ ಬೀರುವಿನಲ್ಲೇ ಇದೆ, ಕೊಡಲು ಅವನಿಗೆ ಮನಸ್ಸಿಲ್ಲ. ಚಿಕ್ಕವನಿಗೆ ಕೊಡಲು ಮನಸ್ಸಿದ್ದರೂ ಅವನಿಗೆ ಬೇಕಾದ ಕಾಗದ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿದೆ. ಕಾರಣ ಬರವಣಿಗೆಯಲ್ಲಿ ಇಲ್ಲದಿದ್ದರೆ ನ್ಯಾಯಾಧೀಶರಿಗೆ ಇವೆರಡರ ವ್ಯತ್ಯಾಸ ತಿಳಿಯುವುದು ಹೇಗೆ?

ಕಾನೂನು ಕೊಡುವ ಗಡುವು

ಸಿವಿಲ್ ಕೇಸುಗಳು ನಡೆಯುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ. ಕೋರ್ಟಿನ ಆವರಣದಲ್ಲಿ ಎಲ್ಲರೂ ಸಿಪಿಸಿ ಅನ್ನುತ್ತಾರೆ. ಅದರ ಆರ್ಡರ್ 11 ಇಂಥ ಪ್ರಶ್ನೆ, ದಾಖಲೆಗಳ ವಿಷಯಕ್ಕಾಗಿಯೇ ಇದೆ. ವಿಚಾರಣೆ ಶುರುವಾಗುವ ಮೊದಲೇ ಎರಡೂ ಕಡೆಯವರು ತಮ್ಮ ತಮ್ಮ ಕೈಯಲ್ಲಿರುವುದನ್ನು ತೋರಿಸಿಬಿಟ್ಟರೆ ಅರ್ಧ ಜಗಳ ಅಲ್ಲೇ ಕರಗುತ್ತದೆ ಎಂಬುದು ಅದರ ಹಿಂದಿನ ಯೋಚನೆ. ಒಳ್ಳೆಯ ಯೋಚನೆಯೇ.

ಪ್ರಶ್ನಾವಳಿ ಬಂದರೆ 10 ದಿನಗಳ ಒಳಗೆ, ಅಥವಾ ಕೋರ್ಟು ಕೊಟ್ಟಷ್ಟು ದಿನಗಳ ಒಳಗೆ, ಅಫಿಡವಿಟ್ ಮೂಲಕ ಉತ್ತರ ಕೊಡಬೇಕು. ‘ಅಥವಾ ಕೋರ್ಟು ಕೊಟ್ಟಷ್ಟು ದಿನ’ ಎಂಬ ಮಾತು ನಿಯಮದಲ್ಲೇ ಇದೆ, ಅದನ್ನು ಗಮನಿಸಿ. ಹೆಚ್ಚು ಸಮಯ ಕೇಳುವ ಬಾಗಿಲನ್ನು ನಿಯಮ ಬರೆದವರೇ ತೆರೆದಿಟ್ಟಿದ್ದಾರೆ.

ಉತ್ತರವನ್ನೂ ಕೊಡದೆ, ಸಮಯವನ್ನೂ ಕೇಳದೆ ಕೂತರೆ ಏನಾಗುತ್ತದೆ? ಆರ್ಡರ್ 11, ನಿಯಮ 21 ಓದಿದರೆ ಎದೆ ಝಲ್ ಅನ್ನುತ್ತದೆ. ಕೋರ್ಟಿನ ಆದೇಶ ಪಾಲಿಸದವನು ವಾದಿಯಾಗಿದ್ದರೆ ದಾವೆಯನ್ನೇ ವಜಾ ಮಾಡಬಹುದು. ಅದೇ ಕಾರಣಕ್ಕೆ ಮತ್ತೆ ಹೊಸ ದಾವೆ ಹಾಕುವಂತಿಲ್ಲ. ಪ್ರತಿವಾದಿಯಾಗಿದ್ದರೆ ಅವನ ತಕರಾರನ್ನೇ ಹೊಡೆದುಹಾಕಬಹುದು. ಅಂದರೆ ದಾವೆಗೆ ಪ್ರತಿಯಾಗಿ ಅವನು ಏನೂ ಹೇಳಿಯೇ ಇಲ್ಲ ಎಂಬ ಲೆಕ್ಕ. ಕೇಸು ನಡೆಯುತ್ತದೆ, ಆದರೆ ಅವನ ಮಾತಿಗೆ ಅಲ್ಲಿ ಜಾಗವಿಲ್ಲ.

ನಮ್ಮ ಚಿಕ್ಕ ಅಣ್ಣನ ಪಾಡು ಯೋಚಿಸಿ. ಅವನ ಪಾಲಿನ ಜಮೀನಿನಲ್ಲಿ ಒಂದಷ್ಟನ್ನು ಅವನು ಸ್ವಂತ ದುಡಿಮೆಯಿಂದ ಕೊಂಡಿರಬಹುದು. ಅದು ಪಿತ್ರಾರ್ಜಿತವಲ್ಲ ಎಂದು ತೋರಿಸುವ ಕ್ರಯಪತ್ರ ಸಿಗಲು ಮೂರು ವಾರ ಬೇಕಿತ್ತು. ಕೇಳದೆ ಸುಮ್ಮನಿದ್ದರೆ ಆ ಜಮೀನೂ ಭಾಗಕ್ಕೆ ಬೀಳಬಹುದು.

10 ದಿನ ಯಾಕೆ ಸಾಲುವುದಿಲ್ಲ

ಪೇಟೆಯಲ್ಲಿ ಕೂತವರಿಗೆ 10 ದಿನ ಬೇಕಾದಷ್ಟು ಅನ್ನಿಸಬಹುದು. ಹಳ್ಳಿಯ ಲೆಕ್ಕ ಬೇರೆ.

ಈಗಿನ ಪಹಣಿ ನಾಡಕಚೇರಿಯಲ್ಲೋ ಮೊಬೈಲಿನಲ್ಲೋ ಸಿಗುತ್ತದೆ. ‘ಭೂಮಿ’ ಕಂಪ್ಯೂಟರ್ ವ್ಯವಸ್ಥೆ ಬರುವ ಮೊದಲಿನ ಕೈಬರಹದ ಪಹಣಿ ಬೇಕೆಂದರೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಬೇಕು, ರೆಕಾರ್ಡ್ ರೂಮಿನಲ್ಲಿ ಹುಡುಕಿಸಬೇಕು. ಹಳೆಯ ಕ್ರಯಪತ್ರದ ದೃಢೀಕೃತ ನಕಲಿಗೆ, ಋಣಭಾರ ಪತ್ರಕ್ಕೆ ಉಪನೋಂದಣಿ ಕಚೇರಿ. ಲಷ್ಕರ್ ಮೊಹಲ್ಲಾದ ಮನೆಯ ಖಾತೆ ನಕಲಿಗೆ, ಕಂದಾಯ ಕಟ್ಟಿದ ವಿವರಕ್ಕೆ ಮೈಸೂರು ಮಹಾನಗರ ಪಾಲಿಕೆ. ಸಾಲದ ಲೆಕ್ಕಕ್ಕೆ ಬ್ಯಾಂಕು ಅಥವಾ ಸೊಸೈಟಿ. ನಾಲ್ಕು ಕಾಗದಕ್ಕೆ ನಾಲ್ಕು ಕಚೇರಿ. ಒಂದು ಕಡೆ ಸರ್ವರ್ ಇಲ್ಲ, ಇನ್ನೊಂದು ಕಡೆ ‘ಕೇಸ್ ವರ್ಕರ್ ರಜೆ, ಸೋಮವಾರ ಬನ್ನಿ’. ಅದು ನಾಟಿಯ ಸಮಯವಾಗಿದ್ದರೆ ಆಳು ಬಿಟ್ಟು ಹೋಗುವಂತಿಲ್ಲ, ಬಿಟ್ಟರೆ ಗದ್ದೆ ಕಾಯುವುದಿಲ್ಲ.

ಇಲ್ಲಿ ನಮಗೆ ಸಿಟ್ಟು ತರಿಸುವ ಒಂದು ಲೆಕ್ಕವಿದೆ. ಕರ್ನಾಟಕದಲ್ಲಿ 2011ರ ಸಕಾಲ ಕಾಯ್ದೆ ಇದೆ. ಅದರ ವ್ಯಾಪ್ತಿಗೆ ಬರುವ ಸೇವೆಯನ್ನು ಗೊತ್ತಾದ ದಿನಗಳ ಒಳಗೆ ಕೊಡದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500 ರೂಪಾಯಿ. ಕಚೇರಿ ತಡ ಮಾಡಿದರೆ 500 ರೂಪಾಯಿಗೆ ಮುಗಿಯಿತು. ಆ ಕಾಗದ ಸಿಗದೆ ರೈತ ಕೋರ್ಟಿನಲ್ಲಿ ತಡ ಮಾಡಿದರೆ? ಅವನ ತಕರಾರೇ ಹೋಗಬಹುದು, ಜಮೀನೇ ಹೋಗಬಹುದು. ತಡ ಒಂದೇ, ಬೆಲೆ ಮಾತ್ರ ಇಬ್ಬರಿಗೆ ಎರಡು.

ಆದರೆ ಅದೇ ಸಕಾಲ ಕಾಯ್ದೆ ರೈತನ ಕೈಗೆ ಒಂದು ಸಾಧನವನ್ನೂ ಕೊಟ್ಟಿದೆ. ಅದಕ್ಕೆ ಮುಂದೆ ಬರುತ್ತೇವೆ.

ಬಾಗಿಲು ಮುಚ್ಚಿಲ್ಲ

ಸಿಪಿಸಿಯ ಕಲಂ 148 ಸಮಯ ವಿಸ್ತರಣೆಯ ಕಲಂ. ಕೋರ್ಟು ಕೊಟ್ಟ ಗಡುವನ್ನು ಕೋರ್ಟೇ ಮುಂದಕ್ಕೆ ಹಾಕಬಹುದು, ಗಡುವು ಮುಗಿದಿದ್ದರೂ ಹಾಕಬಹುದು. 2002ರ ಜುಲೈನಿಂದ ಜಾರಿಗೆ ಬಂದ ತಿದ್ದುಪಡಿ ಇದಕ್ಕೆ ಒಂದು ಮಿತಿ ಹಾಕಿತು: ಒಟ್ಟು 30 ದಿನಕ್ಕಿಂತ ಹೆಚ್ಚಿಲ್ಲ. ಹಾಗಾದರೆ 31ನೇ ದಿನ ಎಲ್ಲ ಮುಗಿಯಿತೇ? ಇಲ್ಲ. 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಕಕ್ಷಿದಾರನ ಕೈಮೀರಿದ ಕಾರಣದಿಂದ ಕೆಲಸ ಆಗದಿದ್ದರೆ, ಕಲಂ 151ರಲ್ಲಿರುವ ಕೋರ್ಟಿನ ಅಂತರ್ಗತ ಅಧಿಕಾರ ಬಳಸಿ 30 ದಿನದ ಆಚೆಗೂ ಸಮಯ ಕೊಡಬಹುದು. ‘ಕೈಮೀರಿದ ಕಾರಣ’ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ಇಡೀ ವಿಷಯ ನಿಂತಿರುವುದು ಅದರ ಮೇಲೆ.

ಇದಕ್ಕೂ ಹಳೆಯದೊಂದು ತೀರ್ಪಿದೆ. 1961ರ ಮಹಂತ ರಾಮದಾಸ್ ಮತ್ತು ಗಂಗಾದಾಸ್ ನಡುವಿನ ಪ್ರಕರಣ. ಕೋರ್ಟ್ ಶುಲ್ಕ ಕಟ್ಟಲು ಪಾಟ್ನಾ ಹೈಕೋರ್ಟ್ ಗಡುವು ಕೊಟ್ಟಿತ್ತು. ಕಟ್ಟಲಾಗದೆ ಆತ ಗಡುವಿನ ಒಳಗೇ ಹೆಚ್ಚು ಸಮಯ ಕೋರಿ ಅರ್ಜಿ ಹಾಕಿದ. ಅರ್ಜಿ ನ್ಯಾಯಾಧೀಶರ ಮುಂದೆ ಬರುವಷ್ಟರಲ್ಲಿ ಗಡುವು ದಾಟಿತ್ತು. ಇನ್ನು ಆಗುವುದಿಲ್ಲ ಎಂದಿತು ಹೈಕೋರ್ಟ್. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇಂಥ ಗಡುವುಗಳು ಇರುವುದು ಎಳೆದಾಡುವವರನ್ನು ಹೆದರಿಸಿ ದಾರಿಗೆ ತರಲು; ಕಾರಣ ಇದ್ದಾಗ ಸಮಯ ಕೊಡುವ ಅಧಿಕಾರವನ್ನು ಕೋರ್ಟು ಕಳೆದುಕೊಳ್ಳುವುದಿಲ್ಲ ಎಂಬುದು ಅದರ ತಾತ್ಪರ್ಯ. ಆ ಮನುಷ್ಯನನ್ನು ಕಾಪಾಡಿದ್ದು ಗಡುವಿನ ಒಳಗೆ ಹಾಕಿದ ಅರ್ಜಿ.

ದಾಖಲೆ ತೋರಿಸುವ ವಿಷಯಕ್ಕೇ ಸಂಬಂಧಿಸಿದ ತೀರ್ಪು 1978ರದ್ದು, ಬಬ್ಬರ್ ಸೂಯಿಂಗ್ ಮೆಷಿನ್ ಕಂಪನಿಯ ಪ್ರಕರಣ. ದಾಖಲೆ ಹಾಜರುಪಡಿಸಲಿಲ್ಲವೆಂದು ಪ್ರತಿವಾದಿಯ ತಕರಾರನ್ನೇ ಹೊಡೆದುಹಾಕಿದ್ದರು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಇದು ಬಹಳ ಕಠಿಣ ಶಿಕ್ಷೆ; ಬೇಕೆಂದೇ ಹಟ ಹಿಡಿದು ಆದೇಶ ಮೀರಿದವರಿಗೆ ಮಾತ್ರ, ಕೊನೆಯ ಅಸ್ತ್ರವಾಗಿ ಬಳಸಬೇಕು ಎಂದಿತು.

ಕೋವಿಡ್ ಕಾಲವನ್ನೂ ನೆನಪಿಸಿಕೊಳ್ಳಿ. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಬಿಟ್ಟುಬಿಡಿ ಎಂದು ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಆದೇಶ ಮಾಡಿತು. ಕಾರಣ ಎಲ್ಲರ ಕೈಮೀರಿದ್ದಾಗ ಎಲ್ಲರಿಗೂ ಸಮಯ ಸಿಕ್ಕಿತು. ಒಬ್ಬ ರೈತನಿಗೆ ಮಾತ್ರ ಕೈಮೀರಿದ ಕಾರಣ ಬಂದಾಗಲೂ ತತ್ವ ಅದೇ ಇರಬೇಕು ಎನ್ನುವುದು ನಮ್ಮ ವಾದ.

ಆದರೆ ತಂಗಿಯೂ ಕಾಯುತ್ತಿದ್ದಾಳೆ

ಇಷ್ಟು ಓದಿ ‘ಹಾಗಾದರೆ ಎಷ್ಟು ಸಲ ಬೇಕಾದರೂ ಕೇಳಬಹುದು’ ಅಂದುಕೊಳ್ಳಬೇಡಿ. ನಾವು ಹಾಗೆ ಹೇಳುತ್ತಿಲ್ಲ.

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಟೈಮ್ ಎನ್ನುವುದು ಇದ್ದವನ ಕೈಯಲ್ಲಿ ಆಯುಧ. ಲಷ್ಕರ್ ಮೊಹಲ್ಲಾದ ದೊಡ್ಡಣ್ಣ ಒಂದೊಂದು ವಾಯಿದೆ ತೆಗೆದುಕೊಂಡಾಗಲೂ ಇನ್ನೊಂದು ತಿಂಗಳ ಬಾಡಿಗೆ ಅವನ ಜೇಬಿಗೆ ಬೀಳುತ್ತದೆ. ನಂಜನಗೂಡಿನಿಂದ ಬಸ್ಸಿನಲ್ಲಿ ಬಂದ ತಂಗಿ ಬರಿಗೈಯಲ್ಲಿ ವಾಪಸ್ ಹೋಗುತ್ತಾಳೆ. ಹೆಣ್ಣುಮಕ್ಕಳಿಗೆ ಸಮಾನ ಭಾಗ ಎಂದು 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂತು. ಕಾಯ್ದೆ ಕೊಟ್ಟದ್ದನ್ನು ವಾಯಿದೆ ತಿಂದುಹಾಕಿದರೆ ಆ ಹಕ್ಕಿಗೆ ಏನು ಬೆಲೆ?

ಅದಕ್ಕೇ ಕಾನೂನು ಕಡಿವಾಣವನ್ನೂ ಇಟ್ಟಿದೆ. ವಿಚಾರಣೆ ನಡೆಯುವಾಗ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ಸಲ ವಾಯಿದೆ ಕೊಡಬಾರದು ಎನ್ನುತ್ತದೆ ಆರ್ಡರ್ 17. ವಕೀಲರು ಬೇರೆ ಕೋರ್ಟಿನಲ್ಲಿ ಇದ್ದಾರೆ ಎಂಬುದು ವಾಯಿದೆಗೆ ಕಾರಣವಾಗುವುದಿಲ್ಲ ಎಂದೂ ಅಲ್ಲೇ ಬರೆದಿದೆ. ಕೆಲಸ ಮಾಡದೆ ದಿನ ತಳ್ಳಿದವನಿಂದ ಎದುರಿನವರ ಖರ್ಚು ಕೊಡಿಸಬಹುದು, ಆ ಹಣ ಕಟ್ಟದೆ ಅವನು ಮುಂದುವರಿಯುವಂತಿಲ್ಲ ಎನ್ನುತ್ತದೆ ಕಲಂ 35ಬಿ. ದೊಡ್ಡಣ್ಣನಂಥವರ ಮೇಲೆ ಈ ಕಲಮನ್ನು ಬಳಸಬೇಕು. ತಂಗಿಯ ಬಸ್ ಚಾರ್ಜು, ಕಳೆದುಕೊಂಡ ಕೂಲಿ, ಎಲ್ಲ ಸೇರಿಸಿ ಕೊಡಿಸಬೇಕು.

ಸರ್ಕಾರಕ್ಕೂ ರಿಯಾಯಿತಿ ಇರಬಾರದು. ಅಂಚೆ ಇಲಾಖೆ 427 ದಿನ ತಡವಾಗಿ ಮೇಲ್ಮನವಿ ತಂದಾಗ, 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮನ್ನಿಸಲಿಲ್ಲ. ಕಡತ ಮೇಜಿನಿಂದ ಮೇಜಿಗೆ ಹೋಯಿತು ಎಂಬ ಹಳೆಯ ರಾಗ ಸಾಲದು, ಕಾಲಮಿತಿ ಸರ್ಕಾರಕ್ಕೂ ಒಂದೇ ಎಂದಿತು. ಈ ಮಾತು ತಾಲ್ಲೂಕು ಕಚೇರಿಯ ಗೋಡೆಯ ಮೇಲೂ ಇದ್ದರೆ ಚೆನ್ನ.

ಹೇಗೆ ಕೇಳಬೇಕು

ಈಗ ಚಿಕ್ಕಣ್ಣನ ಕೆಲಸಕ್ಕೆ ಬರೋಣ. ಅವನು ಏನು ಮಾಡಿದರೆ ದೊಡ್ಡಣ್ಣನ ಜೊತೆ ಒಂದೇ ತಕ್ಕಡಿಗೆ ಬೀಳುವುದಿಲ್ಲ?

ಮೊದಲನೆಯದು, ಪ್ರಶ್ನಾವಳಿ ಕೈಗೆ ಬಂದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. 10 ದಿನದ ಲೆಕ್ಕ ಅಲ್ಲಿಂದ ಶುರು.

ಎರಡನೆಯದು, ಎರಡು ದಿನದ ಒಳಗೆ ಬೇಕಾದ ಎಲ್ಲ ಕಾಗದಗಳಿಗೂ ಅರ್ಜಿ ಹಾಕಿ ಸ್ವೀಕೃತಿ ಪಡೆಯಬೇಕು. ಸಕಾಲದ ಅಡಿ ಬರುವ ಸೇವೆಯಾದರೆ ತಾರೀಕು, ನಂಬರ್ ಇರುವ ಸ್ವೀಕೃತಿ ಚೀಟಿ ಸಿಗುತ್ತದೆ. ಮೇಲೆ ಹೇಳಿದ ಸಾಧನ ಇದೇ. ಯಾವ ದಿನ ಅರ್ಜಿ ಹಾಕಿದಿರಿ, ಯಾವ ದಿನದೊಳಗೆ ಕೊಡಬೇಕಿತ್ತು ಎಂಬುದಕ್ಕೆ ಸರ್ಕಾರವೇ ಕೊಟ್ಟ ಪುರಾವೆ ಅದು. ಸಕಾಲಕ್ಕೆ ಬಾರದ ಸೇವೆಯಾದರೆ ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ‘ಕಡತ ಸಿಗುತ್ತಿಲ್ಲ’ ಎಂದು ಬಾಯಲ್ಲಿ ಹೇಳಿದರೆ ‘ಅದನ್ನೇ ಹಿಂಬರಹ ಬರೆದುಕೊಡಿ ಸಾರ್’ ಅನ್ನಿ. ಬಾಯಿಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ, ಹಿಂಬರಹಕ್ಕೆ ಇದೆ.

ಮೂರನೆಯದು, ಕೈಯಲ್ಲಿರುವುದನ್ನು ಮೊದಲು ಕೊಟ್ಟುಬಿಡಬೇಕು. ಎಂಟು ಪ್ರಶ್ನೆಯಲ್ಲಿ ಐದಕ್ಕೆ ಉತ್ತರ ಗೊತ್ತಿದ್ದರೆ ಐದಕ್ಕೆ ಉತ್ತರಿಸಿ, ಉಳಿದ ಮೂರಕ್ಕೆ ಸಮಯ ಕೇಳಿ. ಇಷ್ಟು ಮಾಡಿದವನ ಮೇಲೆ ‘ಬೇಕೆಂದೇ ಹಟ ಮಾಡಿದ’ ಎಂಬ ಆರೋಪ ನಿಲ್ಲುವುದು ಕಷ್ಟ.

ನಾಲ್ಕನೆಯದು, ಗಡುವು ಮುಗಿಯುವ ಮೊದಲೇ ವಕೀಲರ ಮೂಲಕ ಮಧ್ಯಂತರ ಅರ್ಜಿ, ಅಂದರೆ ‘ಐಎ’ ಹಾಕಬೇಕು. ಜೊತೆಗೆ ನಿಮ್ಮ ಅಫಿಡವಿಟ್. ಅದರಲ್ಲಿ ಇರಬೇಕಾದದ್ದು ಇಷ್ಟೇ: ಯಾವ ದಾಖಲೆ ಸಿಕ್ಕಿಲ್ಲ, ಎಂದು ಅರ್ಜಿ ಹಾಕಿದಿರಿ, ಕಚೇರಿ ಏನು ಹೇಳಿತು, ಇನ್ನೆಷ್ಟು ದಿನ ಬೇಕು. ‘ಅನಿವಾರ್ಯ ಕಾರಣಗಳಿಂದ’ ಎಂದು ಬರೆದರೆ ಅದು ಕಾರಣವೇ ಅಲ್ಲ. ‘ಸ್ವಲ್ಪ ಸಮಯ’ ಎಂದು ಬರೆಯಬೇಡಿ, ‘21 ದಿನ’ ಎಂದು ಬರೆಯಿರಿ. ಸ್ವೀಕೃತಿ ಚೀಟಿಯ ಪ್ರತಿ ಲಗತ್ತಿಸಿ.

ಐದನೆಯದು, ಎದುರಿನ ವಕೀಲರಿಗೆ ಪ್ರತಿ ಕೊಟ್ಟು ಒಪ್ಪಿಗೆ ಕೇಳಿ ನೋಡಿ. ತಂಗಿಗೂ ಸತ್ಯ ಗೊತ್ತಿರುತ್ತದೆ. ಆಕೆ ಆಕ್ಷೇಪಣೆ ಇಲ್ಲ ಎಂದರೆ ಅರ್ಧ ಕೆಲಸ ಆಯಿತು. ಕೋರ್ಟಿನಲ್ಲಿ ಎದುರುಬದುರು ನಿಂತರೂ ರಕ್ತಸಂಬಂಧ ಅಲ್ಲಿಗೇ ಮುಗಿಯಬೇಕೆಂದೇನೂ ಇಲ್ಲ.

ಇನ್ನೊಂದು ಮಾತು. ಬಂದ ಎಲ್ಲ ಪ್ರಶ್ನೆಗೂ ಉತ್ತರಿಸಲೇಬೇಕು ಎಂದಿಲ್ಲ. ಕೇಸಿಗೆ ಸಂಬಂಧವಿಲ್ಲದ, ಮಾನ ತೆಗೆಯಲೆಂದೇ ಕೇಳಿದ ಪ್ರಶ್ನೆಗೆ ಆಕ್ಷೇಪಣೆ ಹಾಕಬಹುದು. ಪ್ರಶ್ನಾವಳಿಯನ್ನೇ ತೆಗೆದುಹಾಕಿಸಬೇಕೆಂದರೆ ಅದು ಕೈಗೆ ಬಂದ 7 ದಿನದ ಒಳಗೆ ಅರ್ಜಿ ಹಾಕಬೇಕು. ಇಂದಿರಾ ಗಾಂಧಿಯವರ ಚುನಾವಣೆಯನ್ನು ಪ್ರಶ್ನಿಸಿ ರಾಜ್ ನಾರಾಯಣ್ ಹಾಕಿದ್ದ ಕೇಸಿನಲ್ಲೂ ಪ್ರಶ್ನಾವಳಿಯ ವಿಷಯವೇ 1972ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತ್ತು. ನಮ್ಮ ಕರಾವಳಿಯವರಾದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಅವರಿದ್ದ ಪೀಠ, ಪಾಟೀಸವಾಲಿನಲ್ಲಿ ಕೇಳಬಹುದಾದ ಪ್ರಶ್ನೆಗಳೆಲ್ಲ ಪ್ರಶ್ನಾವಳಿಗೆ ಬರುವುದಿಲ್ಲ ಎಂದಿತು. ಪ್ರಧಾನಿಯ ಕೇಸಿಗೂ ಹಳ್ಳಿಯ ಭಾಗದ ಕೇಸಿಗೂ ನಿಯಮ ಒಂದೇ.

ಎಲ್ಲ ಕಡೆ ಈ ಸಡಿಲ ಇಲ್ಲ

ಎಚ್ಚರಿಕೆ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಕೆಲವು ಗಡುವುಗಳು ರಬ್ಬರಿನಂತೆ ಎಳೆಯುವುದಿಲ್ಲ.

ಸಾಮಾನ್ಯ ಸಿವಿಲ್ ದಾವೆಯಲ್ಲಿ ಸಮನ್ಸ್ ಬಂದ ಮೇಲೆ ಪ್ರತಿವಾದ ಪತ್ರ ಹಾಕಲು 30 ದಿನ, ಕಾರಣ ಕೊಟ್ಟರೆ 90 ದಿನದವರೆಗೆ. ಅದರಾಚೆಗೆ ಬಹಳ ಬಲವಾದ ಕಾರಣ ಬೇಕು. ವಾಣಿಜ್ಯ ನ್ಯಾಯಾಲಯದ ದಾವೆಯಾದರೆ 120 ದಿನ ದಾಟಿದರೆ ಮುಗಿಯಿತು, ಆಮೇಲೆ ಕೋರ್ಟು ಪ್ರತಿವಾದ ಪತ್ರ ತೆಗೆದುಕೊಳ್ಳುವುದೇ ಇಲ್ಲ. ಗ್ರಾಹಕರ ಆಯೋಗದಲ್ಲಿ ಉತ್ತರ ಕೊಡಲು 30 ದಿನ, ಮೇಲೆ 15 ದಿನ, ಒಟ್ಟು 45. ಅದಕ್ಕಿಂತ ಒಂದು ದಿನವೂ ಹೆಚ್ಚು ಕೊಡುವ ಅಧಿಕಾರ ಆಯೋಗಕ್ಕಿಲ್ಲ ಎಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಅದು ಗ್ರಾಹಕರಿಗೆ ಒಳ್ಳೆಯದೇ. ಬೀಜದ ಕಂಪನಿಯೋ ವಿಮೆ ಕಂಪನಿಯೋ ವರ್ಷಗಟ್ಟಲೆ ಎಳೆಯುವುದು ತಪ್ಪುತ್ತದೆ. ಆದ್ದರಿಂದ ನಿಮ್ಮ ಕೇಸು ಯಾವ ಕೋರ್ಟಿನಲ್ಲಿದೆ, ಅಲ್ಲಿನ ಗಡುವು ಎಂಥದ್ದು ಎಂದು ಮೊದಲ ದಿನವೇ ವಕೀಲರನ್ನು ಕೇಳಿ.

ನಾವು ಕೇಳುವುದು

ಕೋರ್ಟುಗಳಿಗೆ ನಮ್ಮ ಮನವಿ: ‘ಟೈಮ್ ಕೇಳಿದ್ದಾರೆ, ಕೊಡಲಾಗಿದೆ’ ಎಂಬ ಒಂದು ಸಾಲಿನ ಬದಲು, ಯಾರು ಕೇಳಿದರು, ಯಾವ ಕಾರಣಕ್ಕೆ, ಇದು ಎಷ್ಟನೇ ಸಲ ಎಂದು ಆರ್ಡರ್ ಶೀಟಿನಲ್ಲಿ ಬರೆಸಿ. ಅಷ್ಟು ಬರೆದರೆ ಎಳೆಯುವವನ ಮುಖ ತಾನಾಗಿಯೇ ಕಾಣುತ್ತದೆ. ಕಚೇರಿ ಕಾಗದ ಕೊಡದಿರುವುದು ಸ್ವೀಕೃತಿ ಚೀಟಿಯಿಂದ ಗೊತ್ತಾದರೆ, ಆ ದಾಖಲೆಯನ್ನು ಕಳಿಸುವಂತೆ ಕಚೇರಿಗೇ ಸೂಚಿಸಿ. ರೈತ ಹತ್ತು ಸಲ ಅಲೆಯುವುದಕ್ಕಿಂತ ಕೋರ್ಟಿನ ಒಂದು ಪತ್ರಕ್ಕೆ ಹೆಚ್ಚು ಬಲವಿದೆ.

ಕಂದಾಯ, ನೋಂದಣಿ, ಪಾಲಿಕೆ ಕಚೇರಿಗಳಿಗೆ: ಕೋರ್ಟಿಗೆ ಬೇಕು ಎಂದು ಬರೆದ ಅರ್ಜಿಗಳನ್ನು ಬೇರೆಯೇ ಇಟ್ಟು ಮೊದಲು ವಿಲೇವಾರಿ ಮಾಡಿ. ಆಗುವುದಿಲ್ಲ ಎಂದಾದರೆ ಆ ದಿನವೇ ಹಿಂಬರಹ ಕೊಡಿ. ಅದಕ್ಕೆ ಹೊಸ ಕಾನೂನೇನೂ ಬೇಡ, ಒಂದು ಸುತ್ತೋಲೆ ಸಾಕು.

ವಕೀಲರಿಗೆ: ನಿಮ್ಮಲ್ಲಿ ಬಡವರ ಕೇಸನ್ನು ಕೈಯಿಂದ ಖರ್ಚು ಮಾಡಿ ನಡೆಸುವವರೂ ಇದ್ದಾರೆ, ನಮಗೆ ಗೊತ್ತು. ಆದರೂ ಕಕ್ಷಿದಾರನಿಗೆ ಗಡುವಿನ ತಾರೀಕನ್ನು ಚೀಟಿಯಲ್ಲಿ ಬರೆದುಕೊಡುವುದು ದೊಡ್ಡ ಕೆಲಸವಲ್ಲ. ‘ಮುಂದಿನ ತಾರೀಕಿಗೆ ಬನ್ನಿ’ ಎನ್ನುವುದಕ್ಕಿಂತ ‘ಮುಂದಿನ ತಾರೀಕಿಗೆ ಈ ಮೂರು ಕಾಗದ ತನ್ನಿ’ ಎಂದರೆ ಅವನು ತರುತ್ತಾನೆ.

ಓದುಗರಿಗೆ: ನಿಮ್ಮ ಕೈಯಲ್ಲಿರುವ ಈ ಫೋನಿನಲ್ಲೇ ಇ-ಕೋರ್ಟ್ಸ್ ಆ್ಯಪ್ ಇಳಿಸಿಕೊಳ್ಳಬಹುದು. ಕೇಸಿಗೆ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ವಕೀಲರಿಂದ ಪಡೆದು ಅದನ್ನು ಹಾಕಿದರೆ ಮುಂದಿನ ತಾರೀಕು ಯಾವುದು, ಕೇಸು ಯಾವ ಹಂತದಲ್ಲಿದೆ ಎಂದು ನೀವೇ ನೋಡಬಹುದು. ವಕೀಲರನ್ನು ಇಡುವ ಶಕ್ತಿ ಇಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಭಾಗ ಕೇಳಿದ ಆ ತಂಗಿಗೂ ಈ ಹಕ್ಕಿದೆ.

ಮುಂದಿನ ಸಲ ಕೋರ್ಟಿನಿಂದ ಬಂದವರು ‘ವಾಯಿದೆ ಬಿತ್ತು’ ಎಂದರೆ ಅಲ್ಲಿಗೇ ಬಿಡಬೇಡಿ. ಯಾರು ಕೇಳಿದ್ದು, ಯಾಕೆ ಕೇಳಿದ್ದು, ಎಷ್ಟು ದಿನಕ್ಕೆ ಎಂದು ಕೇಳಿ. ಈ ಮೂರು ಪ್ರಶ್ನೆಗೆ ಉತ್ತರ ಗೊತ್ತಿರುವ ಮನೆಯ ಕೇಸು ಯಾರದೋ ಬಾಯಿಮಾತಿನ ಮೇಲೆ ನಿಲ್ಲುವುದಿಲ್ಲ.